ವ್ಯಾಯಾಮ ಶುರು ಮಾಡಿದ ಮೇಲೆ ಬರುವ ಮೈಕೈ ನೋವು: ಮೊದಲ ವಾರ ದಾಟುವುದು ಹೇಗೆ?

ಮೊದಲ ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿದ ದಿನ ನನಗೆ ಏನೂ ಆಗಿರಲಿಲ್ಲ. ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಹತ್ತುವಾಗ ಏದುಸಿರು ಬಂದಿತ್ತು. ಇಳಿಯುವುದು ಆರಾಮ ಅನ್ನಿಸಿತ್ತು. ಬೆಟ್ಟದ ಪಾದಕ್ಕೆ ಬಂದು ಎಳನೀರು ಕುಡಿದು ಮನೆಗೆ ಬಂದೆ.

ನೋವು ಬಂದದ್ದು ಮಾರನೇ ಬೆಳಗ್ಗೆ. ಹಾಸಿಗೆಯಿಂದ ಏಳಲು ಹೋದರೆ ತೊಡೆ ಹಿಡಿದುಕೊಂಡಿತ್ತು. ಅದರ ಮಾರನೇ ದಿನ ಇನ್ನೂ ಜಾಸ್ತಿ. ಮನೆ ಮುಂದಿನ ಮೂರು ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ನಾಲ್ಕನೇ ದಿನ ಇಳಿಮುಖ, ಆರನೇ ದಿನ ಪೂರ್ತಿ ಹೋಯಿತು. ಆದರೆ ಅಷ್ಟರಲ್ಲಿ ಬೆಟ್ಟದ ಆಸೆಯೂ ಹೋಗಿತ್ತು. ಮತ್ತೆ ಹತ್ತಿದ್ದು ಎರಡು ವರ್ಷ ಆದ ಮೇಲೆ.

ಜಿಮ್‌ಗೆ ದುಡ್ಡು ಕಟ್ಟಿ ಒಂದೇ ವಾರಕ್ಕೆ ಬಿಟ್ಟವರನ್ನು ಕೇಳಿ. ಸೋಮಾರಿತನಕ್ಕಿಂತ ಈ ನೋವೇ ಎಷ್ಟೋ ಜನರನ್ನು ವಾಪಸು ಕಳಿಸಿರುತ್ತದೆ. ‘ನನ್ನ ಮೈಗೆ ಇದು ಆಗಿಬರಲ್ಲ’ ಅಂತ ಅಂದುಕೊಂಡು ಬಿಡುತ್ತಾರೆ. ಹಾಗಾಗಬಾರದು ಅಂತಲೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ಬೆಟ್ಟ ಹತ್ತಿದವರಿಗೆ, ಮನೆಯಲ್ಲೇ ಬಸ್ಕಿ ಹೊಡೆದವರಿಗೆ, ಜಿಮ್‌ನಲ್ಲಿ ಭಾರ ಎತ್ತಿದವರಿಗೆ, ವರ್ಷಕ್ಕೊಮ್ಮೆ ಊರಿಗೆ ಹೋಗಿ ನಾಟಿಗೆ ಗದ್ದೆಗೆ ಇಳಿದವರಿಗೆ, ಎಲ್ಲರಿಗೂ ಬರುವುದು ಇದೇ ನೋವು.

ಈ ನೋವು ಎಲ್ಲಿಂದ ಬರುತ್ತದೆ?

ಮಾಂಸಖಂಡ ಮುಖ್ಯವಾಗಿ ಎರಡು ರೀತಿ ದುಡಿಯುತ್ತದೆ. ಕುಗ್ಗುತ್ತಾ ಭಾರ ಎತ್ತುವುದು ಒಂದು. ಹಿಗ್ಗುತ್ತಾ ಭಾರವನ್ನು ತಡೆದು ನಿಧಾನಕ್ಕೆ ಇಳಿಸುವುದು ಇನ್ನೊಂದು. ನೋವು ಕೊಡುವುದು ಹೆಚ್ಚಾಗಿ ಎರಡನೆಯದು. ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಗೂ ತೊಡೆಯ ಮುಂಭಾಗ ಇಡೀ ಮೈಭಾರವನ್ನು ತಡೆಹಿಡಿಯುತ್ತದೆ. ಬಸ್ಕಿಯಲ್ಲಿ ಕೆಳಗೆ ಕೂರುವಾಗ, ದಂಡ ಹೊಡೆಯುವಾಗ ಎದೆಯನ್ನು ನೆಲಕ್ಕೆ ತರುವಾಗ, ಡಂಬೆಲ್ ಕೆಳಗಿಳಿಸುವಾಗ ಆಗುವುದೂ ಇದೇ. ಏದುಸಿರು ಬರುವುದು ಹತ್ತುವಾಗ, ಮೈ ಹಿಡಿದುಕೊಳ್ಳುವುದು ಇಳಿದದ್ದಕ್ಕೆ. ಕುಮಾರ ಪರ್ವತ ಚಾರಣ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಅಭ್ಯಾಸವಿಲ್ಲದ ಈ ಕೆಲಸಕ್ಕೆ ಮಾಂಸಖಂಡದ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟು ಬೀಳುತ್ತದೆ. ಅದನ್ನು ರಿಪೇರಿ ಮಾಡಲು ದೇಹ ಕೆಲಸ ಶುರು ಮಾಡಿದಾಗ ಅಲ್ಲಿ ಸ್ವಲ್ಪ ಬಾವು ಬರುತ್ತದೆ, ನರಗಳು ಸೂಕ್ಷ್ಮವಾಗುತ್ತವೆ. ಅದಕ್ಕೆಲ್ಲ ಹೊತ್ತು ಹಿಡಿಯುತ್ತದೆ. ಹಾಗಾಗಿ ನೋವು ತಡವಾಗಿ ಬರುತ್ತದೆ. 12ರಿಂದ 24 ಗಂಟೆಯೊಳಗೆ ಶುರು, 24ರಿಂದ 72 ಗಂಟೆಯ ನಡುವೆ ಅತಿ ಹೆಚ್ಚು, ಸಾಮಾನ್ಯವಾಗಿ 5ರಿಂದ 7 ದಿನದಲ್ಲಿ ಮಾಯ. ಎರಡನೇ ದಿನ ಮೊದಲನೇ ದಿನಕ್ಕಿಂತ ಜಾಸ್ತಿ ನೋಯುವುದು ಇದರ ಸಹಜ ಗುಣ. ಇದು ಮೊದಲೇ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆ.

‘ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ, ಅದಕ್ಕೇ ನೋವು’ ಅಂತ ಇವತ್ತಿಗೂ ಎಷ್ಟೋ ಟ್ರೇನರ್‌ಗಳು ಹೇಳುತ್ತಾರೆ. ಅದು ಸರಿಯಲ್ಲ. ವ್ಯಾಯಾಮ ಮುಗಿದು ಹೆಚ್ಚೂ ಕಡಿಮೆ ಒಂದು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಮೊದಲಿನಂತಾಗಿರುತ್ತದೆ. ಮಾಂಸಖಂಡದ ಎಳೆಗಳಿಗೇ ಪೆಟ್ಟಾಗಿರಬಹುದು ಅಂತ ಅಮೆರಿಕದ ವಿಜ್ಞಾನಿ ಥಿಯೋಡೋರ್ ಹಫ್ 1902ರಲ್ಲೇ ಬರೆದಿದ್ದರು. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಓಡಿಸಿ ನೋಡಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟಿಕ್ ಆಸಿಡ್ ಏರಿತು, ಮೈ ನೋಯಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಅದು ಏರಲಿಲ್ಲ, ಆದರೆ ಮೈ ನೋಯಿತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ‘ಆಸಿಡ್ ಹೊರಗೆ ಹಾಕುತ್ತೆ’ ಅಂತ ಮಾರುವ ಪುಡಿ, ಪಾನೀಯಗಳಿಗೆ ನೀವು ದುಡ್ಡು ಸುರಿಯುವುದು ಬೇಡ.

ಮೊದಲು ಮಾಡಬೇಕಾದ್ದು: ಇದು ಅದೇ ನೋವಾ ಅಂತ ನೋಡಿ

ಎಣ್ಣೆ, ಶಾಖ ಎಲ್ಲ ಆಮೇಲೆ. ಮೊದಲು ಕೂತು ನಿಮ್ಮ ನೋವನ್ನು ಗಮನಿಸಿ.

ಸಾಮಾನ್ಯ ನೋವು ಎರಡೂ ಕಡೆ ಇರುತ್ತದೆ, ಎರಡೂ ತೊಡೆ, ಎರಡೂ ತೋಳು. ಒಂದೇ ಬಿಂದುವಿನಲ್ಲಿ ಇರದೆ ಇಡೀ ಮಾಂಸಖಂಡದಲ್ಲಿ ಹರಡಿರುತ್ತದೆ. ಒತ್ತಿದರೆ ನೋಯುತ್ತದೆ, ಅಲ್ಲಾಡಿಸಿದರೆ ನೋಯುತ್ತದೆ, ಸುಮ್ನೆ ಕೂತರೆ ಅಷ್ಟಾಗಿ ಇರುವುದಿಲ್ಲ. ಸ್ವಲ್ಪ ಓಡಾಡಿದ ಮೇಲೆ ಸಡಿಲವಾಗುತ್ತದೆ.

ವ್ಯಾಯಾಮ ಮಾಡುತ್ತಿದ್ದಾಗಲೇ ‘ಚಳಕ್’ ಅಂತ ಹಿಡಿದಿದ್ದರೆ ಅದು ಬೇರೆ. ಉಳುಕೋ, ಎಳೆ ಹರಿದದ್ದೋ ಇರಬಹುದು. ಮಂಡಿ, ಭುಜ, ಕಣಕಾಲಿನ ಕೀಲಿನೊಳಗೆ ನೋವಿದ್ದರೂ ಬೇರೆ. ಕೀಲು ಊದಿದ್ದರೆ, ಚರ್ಮ ನೀಲಿಗಟ್ಟಿದ್ದರೆ, ಕಾಲೂರಲು ಆಗದಿದ್ದರೆ ವೈದ್ಯರಿಗೆ ತೋರಿಸಿ. ಅಂಥದ್ದಕ್ಕೆ ಮನೆಯಲ್ಲಿ ಎಣ್ಣೆ ಹಚ್ಚಿ ತಿಕ್ಕಬೇಡಿ.

ಇನ್ನು ಕೆಲವಕ್ಕೆ ಬೆಳಗಾಗಲಿ ಅಂತಲೂ ಕಾಯಬಾರದು:

ಮೂತ್ರ ಕಡು ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆ, ನೋವು ವಿಪರೀತ, ಕೈಕಾಲು ಊದಿದೆ, ಬಲ ಇಲ್ಲ. ಹೀಗಿದ್ದರೆ ಮಾಂಸಖಂಡ ಮಿತಿಮೀರಿ ಒಡೆದು ಅದರ ಅಂಶ ರಕ್ತಕ್ಕೆ ಸೇರುತ್ತಿರಬಹುದು. ಇದಕ್ಕೆ ರಾಬ್ಡೊಮಯೊಲೈಸಿಸ್ ಅನ್ನುತ್ತಾರೆ. ಕಿಡ್ನಿಗೆ ಪೆಟ್ಟು ಕೊಡಬಲ್ಲದು. ಅಪರೂಪವೇ, ಆದರೆ ಮೊದಲ ದಿನವೇ ಜಿಮ್‌ನ ಸೈಕಲ್ ಕ್ಲಾಸಿನಲ್ಲೋ ಬಿಸಿಲಿನಲ್ಲೋ ಮಿತಿಮೀರಿ ದಣಿದವರಿಗೆ ಬರುತ್ತದೆ. ತಕ್ಷಣ ಆಸ್ಪತ್ರೆಗೆ ಹೋಗಿ, ‘ನೆನ್ನೆ ಮೊನ್ನೆ ಇಷ್ಟು ವ್ಯಾಯಾಮ ಮಾಡಿದೆ’ ಅಂತ ಹೇಳಿ. ಮಾಂಸಖಂಡ ಎಷ್ಟು ಒಡೆದಿದೆ ಅಂತ ತಿಳಿಯಲು ರಕ್ತದಲ್ಲಿ ಸಿ.ಕೆ. ಪರೀಕ್ಷೆ ಮಾಡುತ್ತಾರೆ.

ಒಂದೇ ಕಾಲಿನ ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಎದೆನೋವು, ಎಡಗೈಗೋ ದವಡೆಗೋ ಹರಡುವ ನೋವು, ಉಸಿರು ಕಟ್ಟುವುದು ಇದ್ದರೆ ‘ದಂಡ ಹೊಡೆದಿದ್ದಕ್ಕೆ ಇರಬೇಕು’ ಅಂತ ಸುಮ್ಮನಿರಬೇಡಿ.

ಜ್ವರ ಇದ್ದರೂ ಲೆಕ್ಕ ಬೇರೆ. ವ್ಯಾಯಾಮದ ನೋವಿಗೆ ಜ್ವರ ಬರುವುದಿಲ್ಲ. ಮಳೆಗಾಲದಲ್ಲಿ ಮೈಕೈ ನೋವಿನ ಜೊತೆ ಜ್ವರ ಬಂದರೆ ಡೆಂಗಿ ಇರಬಹುದು. ಆಗ ಐಬುಪ್ರೊಫೆನ್, ಆಸ್ಪಿರಿನ್ ನುಂಗುವುದು ಅಪಾಯ, ರಕ್ತಸ್ರಾವ ಆಗಬಹುದು. ರಕ್ತಪರೀಕ್ಷೆ ಮಾಡಿಸಿ.

ಕೊಲೆಸ್ಟರಾಲ್‌ಗೆ ಸ್ಟಾಟಿನ್ ಮಾತ್ರೆ ತಗೊಳ್ಳುವವರಿಗೆ ಆ ಮಾತ್ರೆಯಿಂದಲೂ ಮಾಂಸಖಂಡ ನೋಯಬಹುದು. ನೋವು ವಾರ ಕಳೆದರೂ ಹೋಗದಿದ್ದರೆ ವೈದ್ಯರನ್ನು ಕೇಳಿ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಇದ್ಯಾವುದೂ ಇಲ್ಲ ಅಂತಾದರೆ ಸಮಾಧಾನವಾಗಿ ಮುಂದೆ ಓದಿ.

ವ್ಯಾಯಾಮ ಮಾಡಿದ ಸಂಜೆ

ನೋವು ಇನ್ನೂ ಬಂದಿರುವುದಿಲ್ಲ, ಆದರೆ ಕೆಲಸ ಇಲ್ಲಿಂದಲೇ ಶುರು. ವ್ಯಾಯಾಮ ಮುಗಿದ ತಕ್ಷಣ ಕೂತುಬಿಡಬೇಡಿ. 5–10 ನಿಮಿಷ ನಿಧಾನಕ್ಕೆ ನಡೆಯಿರಿ, ಉಸಿರು ಹದಕ್ಕೆ ಬರಲಿ. ನೀರು ಕುಡಿಯಿರಿ. ಜಾಸ್ತಿ ಬೆವರಿದ್ದರೆ ಉಪ್ಪು ಹಾಕಿದ ಮಜ್ಜಿಗೆಯೋ ಎಳನೀರೋ ಸಾಕು. ಮೂತ್ರ ತಿಳಿಹಳದಿ ಇದ್ದರೆ ನೀರು ಸಾಲುತ್ತಿದೆ ಅಂತ ಅರ್ಥ.

ಎರಡು ಗಂಟೆಯೊಳಗೆ ಸರಿಯಾದ ಊಟ ಮಾಡಿ. ‘ತೂಕ ಇಳಿಸಬೇಕು’ ಅಂತ ಅವತ್ತೇ ರಾತ್ರಿ ಉಪವಾಸ ಕೂರುವುದು ಬೇಡ. ರಿಪೇರಿಗೆ ಸಾಮಾನು ಬೇಕಲ್ವಾ? ಊಟದ ವಿಷಯ ಮುಂದೆ ಬಿಡಿಸಿ ಹೇಳುತ್ತೇನೆ.

ಮೈ ಎಳೆಯುವ ವ್ಯಾಯಾಮ, ಅಂದರೆ ಸ್ಟ್ರೆಚಿಂಗ್ ಮಾಡಿದರೆ ಮಾರನೇ ದಿನ ನೋಯುವುದಿಲ್ಲ ಅನ್ನುವ ನಂಬಿಕೆ ಬಹಳ ಗಟ್ಟಿ. ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2011ರಲ್ಲಿ ಅಲ್ಲಿವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿತು. ಮೊದಲು ಮಾಡಿದರೂ ಆಮೇಲೆ ಮಾಡಿದರೂ ನೋವಿನಲ್ಲಿ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಹಿತ ಅನ್ನಿಸಿದರೆ ಹಗುರಾಗಿ ಮಾಡಿ. ನೋಯುವ ಮಾಂಸಖಂಡವನ್ನು ಹಲ್ಲು ಕಚ್ಚಿ ಎಳೆಯಬೇಡಿ.

ಮಾರನೇ ಬೆಳಗ್ಗೆ: ಹಾಸಿಗೆಯಿಂದ ಶುರು

ಎದ್ದ ತಕ್ಷಣ ನೆಟ್ಟಗೆ ನಿಲ್ಲಲು ಹೋಗಬೇಡಿ. ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ 20 ಸಲ ಆಡಿಸಿ. ಒಂದೊಂದೇ ಮಂಡಿ ಮಡಚಿ ಬಿಡಿ, 10 ಸಲ. ಪಕ್ಕಕ್ಕೆ ಹೊರಳಿ ಕೈಯೂರಿ ಏಳಿ. ಮೊದಲ ಹತ್ತು ಹೆಜ್ಜೆ ಮರದ ಕಾಲಿನ ಹಾಗಿರುತ್ತದೆ, ಆಮೇಲೆ ಬಿಡುತ್ತದೆ.

ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಅಡ್ಡಡ್ಡವಾಗಿ, ಒಂದೊಂದೇ ಮೆಟ್ಟಿಲು ಇಳಿಯಿರಿ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಆ ಎರಡು ದಿನ ನಿಜಕ್ಕೂ ಕಷ್ಟ. ಕಮೋಡ್ ಇರುವ ಕಡೆ ಹೋಗಿ, ಇಲ್ಲದಿದ್ದರೆ ಹಿಡಿದುಕೊಳ್ಳಲು ಗಟ್ಟಿಯಾದ ಆಸರೆ ಮಾಡಿಕೊಳ್ಳಿ. ಸ್ಕೂಟರ್, ಕಾರು ಓಡಿಸುವವರಿಗೆ ಒಂದು ಮಾತು: ಕಾಲು ಬ್ರೇಕಿಗೆ ಚುರುಕಾಗಿ ಹೋಗುತ್ತದಾ ಅಂತ ಮನೆ ಮುಂದೆಯೇ ನೋಡಿಕೊಳ್ಳಿ. ಹೋಗದಿದ್ದರೆ ಅವತ್ತು ಬಸ್ಸು, ಆಟೊ.

ಎಲ್ಲಕ್ಕಿಂತ ಒಳ್ಳೆಯ ಔಷಧಿ ಹಗುರಾದ ಓಡಾಟ

ನೋವಿದೆ ಅಂತ ಇಡೀ ದಿನ ಮಲಗುವುದು ನಾವೆಲ್ಲ ಮಾಡುವ ತಪ್ಪು. ಮಲಗಿದಷ್ಟೂ ಮೈ ಬಿಗಿಯುತ್ತದೆ. ನೋಯುವ ಕಾಲಿನಲ್ಲೇ 15–20 ನಿಮಿಷ ಸಮತಟ್ಟಾದ ರಸ್ತೆಯಲ್ಲಿ ನಡೆದು ನೋಡಿ. ಮಾತಾಡುತ್ತಾ ನಡೆಯುವಷ್ಟು ನಿಧಾನ. ರಕ್ತದ ಓಡಾಟ ಜಾಸ್ತಿಯಾಗಿ ನೋವು ತಗ್ಗುತ್ತದೆ. ಈ ಆರಾಮ ಕೆಲವು ಗಂಟೆ ಇದ್ದು ಮತ್ತೆ ಹೋಗುತ್ತದೆ, ಅದು ನಿಜ. ಹಾಗಾಗಿ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನಡೆಯಿರಿ. ಆಫೀಸಿನಲ್ಲಿ ಕೂತು ಕೆಲಸ ಮಾಡುವವರು ಗಂಟೆಗೊಮ್ಮೆ ಎದ್ದು ನೀರು ತರಲು ಹೋಗಿ.

ತೋಳು, ಎದೆ ನೋಯುತ್ತಿದ್ದರೆ ಕೈಯನ್ನು ನಿಧಾನಕ್ಕೆ ವೃತ್ತಾಕಾರವಾಗಿ ತಿರುಗಿಸಿ. ಬಟ್ಟೆ ಒಣಗಿಸುವ, ಕಸ ಗುಡಿಸುವಂಥ ಮನೆಗೆಲಸವೂ ಒಳ್ಳೆಯದೇ.

ನಾನು ಇಟ್ಟುಕೊಂಡಿರುವ ಅಳತೆ ಒಂದಿದೆ. ನೋವಿಗೆ 10ಕ್ಕೆ ಅಂಕ ಕೊಡಿ. ಓಡಾಡುವಾಗ 3–4ರ ಒಳಗಿದ್ದರೆ ಮುಂದುವರಿಸಿ. 5 ದಾಟಿದರೆ ನಿಧಾನ ಮಾಡಿ. ನಡೆದಷ್ಟೂ ಏರುತ್ತಾ ಹೋದರೆ ನಿಲ್ಲಿಸಿ.

ಬಿಸಿನೀರು, ಎಣ್ಣೆ, ತಿಕ್ಕುವುದು

ನನಗೆ ಅಮ್ಮ ಮಾಡಿದ್ದು ಇದೇ. ಎಳ್ಳೆಣ್ಣೆ ಬೆಚ್ಚಗೆ ಮಾಡಿ ಕಾಲಿಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು ಹಂಡೆ ನೀರು ಹಾಕಿಸಿದ್ದರು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಯುಗಾದಿ, ದೀಪಾವಳಿಗೆ ಮಾತ್ರ ನೆನಪಾಗುವ ಎಣ್ಣೆ ಸ್ನಾನಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇರೆ ಬೇಕಿಲ್ಲ.

ಮೈ ತಿಕ್ಕಿಸಿಕೊಳ್ಳುವುದಕ್ಕೆ ಅಧ್ಯಯನದ ಬೆಂಬಲವೂ ಇದೆ. ಈ ನೋವಿಗೆ ಮಾಡುವ ಬೇರೆ ಬೇರೆ ಉಪಾಯಗಳನ್ನು ಹೋಲಿಸಿ 2018ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಮಸಾಜೇ ಮೊದಲ ಸ್ಥಾನದಲ್ಲಿತ್ತು. ಕುಸ್ತಿ ಕಲಿಯುವವರು ಗರಡಿಯಲ್ಲಿ ಒಬ್ಬರಿಗೊಬ್ಬರು ಮಾಲೀಸು ಮಾಡಿಕೊಳ್ಳುವುದು ಸುಮ್ನೆ ಅಲ್ಲ.

ಮಾಡುವ ಕ್ರಮ ಹೀಗೆ. ಎಳ್ಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ 3–4 ಚಮಚ ತಗೊಳ್ಳಿ. ಹರಳೆಣ್ಣೆ ಬಹಳ ಅಂಟು, ಬೇಕಾದರೆ ಸ್ವಲ್ಪ ಬೆರೆಸಿ. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ. ಪಾದದ ಕಡೆಯಿಂದ ತೊಡೆಯ ಕಡೆಗೆ, ಬೆರಳಿನ ಕಡೆಯಿಂದ ಭುಜದ ಕಡೆಗೆ, ಅಂಗೈಯಿಂದ ಉದ್ದಕ್ಕೆ ನೀವಿ. ಒಂದು ಕಾಲಿಗೆ 8–10 ನಿಮಿಷ. ಒತ್ತಡ ಹಿತವಾಗಿರಲಿ. ‘ಗಂಟು ಒಡೀಬೇಕು’ ಅಂತ ಹೆಬ್ಬೆರಳಿನಿಂದ ಚುಚ್ಚಿ ಒತ್ತುವವರಿಗೆ ಕಾಲು ಕೊಡಬೇಡಿ. ಮೊದಲೇ ಪೆಟ್ಟು ತಿಂದಿರುವ ಎಳೆಗೆ ಇನ್ನೊಂದು ಪೆಟ್ಟು ಯಾಕೆ? ತಿಕ್ಕಲು ಯಾರೂ ಇಲ್ಲದಿದ್ದರೆ ಚಪಾತಿ ಲಟ್ಟಣಿಗೆಯನ್ನು ತೊಡೆಯ ಮೇಲೆ, ಮೀನಖಂಡದ ಮೇಲೆ ನಿಧಾನಕ್ಕೆ ಉರುಳಿಸಿ. ಮೂಳೆ, ಮಂಡಿಚಿಪ್ಪಿನ ಮೇಲೆ ಬೇಡ.

ಆಮೇಲೆ ಬಿಸಿನೀರಿನ ಸ್ನಾನ. ಎಣ್ಣೆ ಕಾಲಿಗೆ ಬಚ್ಚಲು ಜಾರುತ್ತದೆ. ಮೊದಲು ಪಾದಕ್ಕೆ ಸೀಗೆಪುಡಿಯೋ ಕಡಲೆಹಿಟ್ಟೋ ಹಚ್ಚಿ ತೊಳೆದುಕೊಳ್ಳಿ. ವಯಸ್ಸಾದವರು ಸ್ಟೂಲ್ ಹಾಕಿ ಕೂತೇ ಸ್ನಾನ ಮಾಡಿ. ಹಗಲಲ್ಲಿ ಬೇಕಾದರೆ ರಬ್ಬರ್ ಚೀಲದಲ್ಲಿ ಬಿಸಿನೀರು ತುಂಬಿ, ಟವೆಲ್ ಸುತ್ತಿ 15–20 ನಿಮಿಷ ಶಾಖ ಕೊಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರಿಗೆ ಬಿಸಿ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ. ಅವರು ಬೇರೆಯವರ ಕೈಯಲ್ಲಿ ಮುಟ್ಟಿಸಿ ನೋಡಬೇಕು.

ನೋವಿನ ಬಾಮು ತಂಪೋ ಬಿಸಿಯೋ ಅನ್ನಿಸಿ ಸ್ವಲ್ಪ ಹೊತ್ತು ನೋವು ಮರೆಸುತ್ತದೆ. ಹಚ್ಚಿ, ತೊಂದರೆ ಇಲ್ಲ. ಅದರ ಮೇಲೆಯೇ ಶಾಖ ಕೊಟ್ಟರೆ ಚರ್ಮ ಸುಡಬಹುದು.

ಆಟಗಾರರು ಐಸ್ ನೀರಿನ ತೊಟ್ಟಿಯಲ್ಲಿ ಕೂರುವ ವಿಡಿಯೊ ನೋಡಿರುತ್ತೀರಿ. 10–15 ಡಿಗ್ರಿ ನೀರಿನಲ್ಲಿ 10–15 ನಿಮಿಷ ಕೂತರೆ ನೋವು ಕಡಿಮೆಯಾಗುವುದು ನಿಜ. ಆದರೆ ಭಾರ ಎತ್ತಿದ ಮೇಲೆಲ್ಲ ಹೀಗೆ ಮಾಡಿದರೆ ಮಾಂಸಖಂಡ ಬೆಳೆಯುವುದೇ ಕಡಿಮೆಯಾಗುತ್ತದೆ ಅಂತ 2015ರ ಒಂದು ಅಧ್ಯಯನ ತೋರಿಸಿತು. ಹೃದಯದ ತೊಂದರೆ ಇರುವವರಿಗಂತೂ ಇದು ಬೇಡವೇ ಬೇಡ.

ನೋವಿನ ಮಾತ್ರೆ ಬೇಕಾ?

ಹೆಚ್ಚಿನವರಿಗೆ ಬೇಡ. ರಾತ್ರಿ ನಿದ್ದೆಯೇ ಬರುತ್ತಿಲ್ಲ ಅಂದರೆ ಒಂದು ಪ್ಯಾರಾಸಿಟಮಾಲ್ ತಗೊಳ್ಳಬಹುದು, ಪ್ಯಾಕೆಟ್ ಮೇಲಿನ ಮಿತಿ ಮೀರಬೇಡಿ. ಲಿವರ್ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ, ನೀರು ಕುಡಿಯದೆ ಬೆವರಿ ಒಣಗಿದ ಮೈಯಲ್ಲಿ ನುಂಗಿದರೆ ಹೊಟ್ಟೆಗೂ ಕಿಡ್ನಿಗೂ ಕೇಡು. ಬಿ.ಪಿ., ಕಿಡ್ನಿ ತೊಂದರೆ, ಅಲ್ಸರ್ ಇರುವವರು, ರಕ್ತ ತೆಳುವಾಗಿಸುವ ಮಾತ್ರೆಯಲ್ಲಿರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮಾತ್ರೆ ನುಂಗಿ ನೋವು ಮುಚ್ಚಿಕೊಂಡು ಮತ್ತೆ ಭಾರ ಎತ್ತಲು ಹೋಗುವುದನ್ನು ದಯವಿಟ್ಟು ಮಾಡಬೇಡಿ. ನೋವು ಹೇಳುತ್ತಿದ್ದ ಎಚ್ಚರಿಕೆ ಆಗ ಕೇಳಿಸುವುದೇ ಇಲ್ಲ.

ಊಟ ಮತ್ತು ನಿದ್ದೆ

ಊಟದಿಂದ ಇವತ್ತಿನ ನೋವು ಇವತ್ತೇ ಹೋಗುವುದಿಲ್ಲ. ಆದರೆ ರಿಪೇರಿ ನಡೆಯುವುದು ಪ್ರೋಟೀನ್‌ನಿಂದಲೇ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಸಾಮಾನ್ಯ ವಯಸ್ಕರಿಗೆ ಹೇಳುವ ಲೆಕ್ಕ, ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. 60 ಕಿಲೋ ಇರುವವರಿಗೆ ಸುಮಾರು 50 ಗ್ರಾಂ ಆಯಿತು. ವ್ಯಾಯಾಮ ಮಾಡುವವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಅನ್ನ, ತಿಳಿಸಾರು, ಉಪ್ಪಿನಕಾಯಿ ತಿಂದರೆ ಇದರ ಹತ್ತಿರಕ್ಕೂ ಹೋಗುವುದಿಲ್ಲ.

ಹಾಗಂತ ಡಬ್ಬದ ಪುಡಿಯೇ ಬೇಕೆಂದಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ಹುರುಳಿಕಾಳಿನ 100 ಗ್ರಾಂನಲ್ಲಿ 20 ಗ್ರಾಂಗೂ ಹೆಚ್ಚು. ಮೊಳಕೆ ಹುರುಳಿ ಸಾರು, ರಾಗಿಮುದ್ದೆ ಇದ್ದರೆ ಮತ್ತೇನು ಬೇಕು? ಬೆಳಗ್ಗೆ ಹೆಸರುಕಾಳು ಉಸಲಿ, ಮಧ್ಯಾಹ್ನ ಗಟ್ಟಿಬೇಳೆ, ಮೊಸರು, ಸಂಜೆ ಒಂದು ಹಿಡಿ ಶೇಂಗಾ, ರಾತ್ರಿ ಮೊಟ್ಟೆಯೋ ಮೀನೋ ಪನೀರೋ. ಒಂದೇ ಹೊತ್ತಿಗೆ ಸುರಿಯುವ ಬದಲು ಹೀಗೆ ಹಂಚಿಕೊಳ್ಳಿ. ಕಿಡ್ನಿ ಕಾಯಿಲೆ ಇರುವವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ನಿದ್ದೆ 7 ಗಂಟೆಯಾದರೂ ಇರಲಿ. ತೊಡೆ ನೋಯುತ್ತಿದ್ದರೆ ಮಂಡಿ ಕೆಳಗೆ ದಿಂಬು ಇಟ್ಟು ಮಲಗಿ, ಪಕ್ಕಕ್ಕೆ ಮಲಗುವವರು ಎರಡು ಕಾಲಿನ ನಡುವೆ ಇಟ್ಟುಕೊಳ್ಳಿ.

ಮತ್ತೆ ಯಾವಾಗ ಶುರು ಮಾಡಬೇಕು?

ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ. ಒಂದು ಸಲ ಈ ನೋವು ಕಂಡ ಮಾಂಸಖಂಡ ಸ್ವಲ್ಪ ಕಾಲ ಅದನ್ನು ಮರೆಯುವುದಿಲ್ಲ. ಅದೇ ವ್ಯಾಯಾಮವನ್ನು ಕೆಲವು ವಾರದೊಳಗೆ ಮತ್ತೆ ಮಾಡಿದರೆ ನೋವು ಎಷ್ಟೋ ಕಡಿಮೆ ಬರುತ್ತದೆ. ಮೂರನೇ ಸಲಕ್ಕೆ ಇನ್ನೂ ಕಡಿಮೆ. ನಾನು ಎರಡು ವರ್ಷ ಬಿಟ್ಟೆ, ಹಾಗಾಗಿ ಎರಡನೇ ಸಲವೂ ಮೊದಲ ಸಲದಷ್ಟೇ ನೋಯಿತು. ಮೊದಲ ನೋವು ತಿಂದು ಸಂಪಾದಿಸಿದ್ದನ್ನು ಸುಮ್ನೆ ಕಳೆದುಕೊಂಡಿದ್ದೆ.

ನೋವು 10ಕ್ಕೆ 2–3ಕ್ಕೆ ಇಳಿದ ದಿನ, ಸಾಮಾನ್ಯವಾಗಿ ನಾಲ್ಕನೇ ಅಥವಾ ಐದನೇ ದಿನ, ಮತ್ತೆ ಮಾಡಿ. ಆದರೆ ಮೊದಲ ದಿನದ ಅರ್ಧದಷ್ಟು ಮಾತ್ರ. ಕಾಲು ನೋಯುತ್ತಿದ್ದರೆ ಮಧ್ಯದ ದಿನಗಳಲ್ಲಿ ತೋಳಿನ ವ್ಯಾಯಾಮ ಮಾಡಲು ಅಡ್ಡಿ ಇಲ್ಲ.

ಇನ್ನೂ ಶುರು ಮಾಡದವರು ಬಸ್ಕಿಯನ್ನು ಹೀಗೆ ಏರಿಸಿಕೊಂಡು ಹೋಗಿ. ಸೋಮವಾರ ಮತ್ತು ಗುರುವಾರ, ವಾರಕ್ಕೆ ಎರಡೇ ದಿನ. ಮೊದಲು 5–10 ನಿಮಿಷ ನಡೆದು ಮೈ ಬೆಚ್ಚಗೆ ಮಾಡಿಕೊಳ್ಳಿ.

ಮೊದಲ ವಾರ: ಹಿಂದೆ ಕುರ್ಚಿ ಇಟ್ಟುಕೊಂಡು, ಕೂತು ಏಳುವುದು. 8ರಂತೆ ಎರಡು ಸಲ.
ಎರಡನೇ ವಾರ: ಕುರ್ಚಿಗೆ ತಾಗಿಸಿ ಏಳುವುದು, ಪೂರ್ತಿ ಕೂರುವುದಿಲ್ಲ. 10ರಂತೆ ಎರಡು ಸಲ.
ಮೂರನೇ ವಾರ: ಅದೇ, 10ರಂತೆ ಮೂರು ಸಲ.
ನಾಲ್ಕನೇ ವಾರ: ಕುರ್ಚಿ ತೆಗೆದು, ಮಂಡಿ ಒಪ್ಪುವಷ್ಟು ಕೆಳಗೆ. 10ರಂತೆ ಮೂರು ಸಲ.

ಮೊದಲ ವಾರ ‘ಇಷ್ಟೇನಾ?’ ಅನ್ನಿಸುತ್ತದೆ. ಅನ್ನಿಸಲಿ. ಇನ್ನೂ ಆಗುತ್ತದೆ ಅನ್ನುವಾಗಲೇ ನಿಲ್ಲಿಸಿ. ಮೈ ನೋಯದಿದ್ದರೆ ವ್ಯಾಯಾಮ ಹತ್ತಿಲ್ಲ ಅಂತ ಅಂದುಕೊಳ್ಳಬೇಡಿ. ನೋವಿಲ್ಲದೆಯೂ ಬಲ ಬರುತ್ತದೆ.

ಬೆಟ್ಟಕ್ಕೆ ಹೋಗುವವರಾದರೆ, ಮೊದಲ ಸಲ ಮೆಟ್ಟಿಲು ಹತ್ತಿ, ದೇವರ ದರ್ಶನ ಮಾಡಿ, ಇಳಿಯುವಾಗ ಸಿಟಿ ಬಸ್ಸು ಹಿಡಿಯಿರಿ. ಜೊತೆಗೆ ವಾರಕ್ಕೊಂದು ದಿನ ಬುಡದಿಂದ ಬರೀ 150 ಮೆಟ್ಟಿಲು ಹತ್ತಿ ಇಳಿಯಿರಿ, ಮುಂದಿನ ವಾರ 300, ಅದರ ಮುಂದಿನ ವಾರ 500. ತೊಡೆಗೆ ಇಳಿಯುವುದು ಅಭ್ಯಾಸ ಆಗಬೇಕಾದದ್ದು ಹೀಗೆ. ಮೂರನೇ ಬಾರಿ ನಾನು ಹೀಗೇ ಶುರು ಮಾಡಿದೆ. ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಪೂರ್ತಿ ಹತ್ತಿ ಪೂರ್ತಿ ಇಳಿದೆ. ಸೋಮವಾರ ಬೆಳಗ್ಗೆ ಮನೆ ಮುಂದಿನ ಮೆಟ್ಟಿಲನ್ನು ಗೋಡೆ ಹಿಡಿಯದೆ ಇಳಿದು ಹಾಲು ತಂದೆ.